ಟ್ರೇನರ್ ಮಾರ್ಬೇಡಿ, ಟೈರ್ ನೋಡಿ!

ಮನೆಯೊಳಗಿನ ಸೈಕಲ್ ಟ್ರೇನರ್ ಗುಂಯ್ ಅಂದರೆ ಸಾಕು, "ಹೊಸದು ತಗೊಳ್ರೀ" ಅಂತಾರೆ ನಮ್ಮ ಪಂಡಿತರು. ಅಲ್ಲ ಸ್ವಾಮಿ, ಸದ್ದು ಎಲ್ಲಿಂದ ಅಂತ ಮೊದಲು ನೋಡಬಾರದಾ?

ಜೋರಾಗಿ ತುಳಿದು ಪೆಡಲ್ ನಿಲ್ಲಿಸಿ. ಸದ್ದೂ ನಿಂತರೆ ಚೈನು, ಪೆಡಲ್ ನೋಡಿ. ಚಕ್ರದ ಜೊತೆ ಮುಂದುವರಿದರೆ ಟೈರ್, ರೋಲರ್ ನೋಡಿ. ಬಟನ್ ಟೈರ್ ರೋಲರ್ ಮೇಲೆ ಕಿರುಚದೆ ಹಾಡೀತಾ? ನುಣುಪು ಟೈರ್ ಹಾಕಿ, ಗಾಳಿ ಸರಿಯಾಗಿ ತುಂಬಿ. ನಡುಕ ಕೆಳಗಿಳಿಯದ ಹಾಗೆ ದಪ್ಪ ರಬ್ಬರ್ ಮ್ಯಾಟ್ ಹಾಸಿ.

ಬೇಲೂರು, ಹಳೇಬೀಡಿನ ಶಿಲ್ಪಿಗಳು 12ನೇ ಶತಮಾನದಲ್ಲೇ ಕಲ್ಲುಕಂಬಗಳನ್ನು ತಿರುಗಿಸಿ ಕಡೆದರು. ಪಕ್ಕದ ಅರಸೀಕೆರೆಯಲ್ಲಿ ಕೂತ ಇಂಜಿನಿಯರುಗಳು ನಾವು, ತಿರುಗೋ ಒಂದು ಚಕ್ರದ ಸದ್ದು ಪತ್ತೆ ಹಚ್ಚದೆ ಕಾರ್ಡ್ ಉಜ್ಜೋದಾ?

ಕೆಳಗಿನ ಮನೆ ಅಜ್ಜಿಗೆ ಬೇಕಿರೋದು ನಿಮ್ಮ ಹೊಸ ಮಷೀನಲ್ಲ, ಬೆಳಗಿನ ಜಾವದ ನಿದ್ದೆ. ಏನಂತೀರಿ?