ಅರ್ಜಿಯ ಮೇಲಿನ ಮೊದಲ ಸಹಿ

ತನ್ನ ಹೆಸರಿನಲ್ಲಿ, ತನ್ನ ಹೊಣೆಯಲ್ಲಿ ಮನುಷ್ಯನು ಸಮಾಜಕ್ಕೆ ಕೊಡುವ ಮೊದಲ ಮಾತು ಯಾವುದು? ಇಂದಿನ ಬಹುಪಾಲು ಮಕ್ಕಳ ಮಟ್ಟಿಗೆ ಅದು ಕಾಲೇಜಿನ ಪ್ರವೇಶಕ್ಕಾಗಿ ಸಲ್ಲಿಸುವ ಅರ್ಜಿ. ಅಲ್ಲಿಯವರೆಗೆ ಮಗುವಿನ ಪರವಾಗಿ ಹಿರಿಯರೇ ಎಲ್ಲವನ್ನೂ ಬರೆದಿರುತ್ತಾರೆ. ಹದಿನಾರು ಹದಿನೇಳರ ಹರೆಯದಲ್ಲಿ ಆ ಮಗು ತಾನು ಎಲ್ಲಿ ಓದಿದೆ, ತನ್ನ ಮನೆಯ ವರಮಾನವೆಷ್ಟು, ತನಗೆ ಯಾವ ಮೀಸಲಾತಿ ಸಲ್ಲುತ್ತದೆ ಎಂದು ತಿಳಿಸಿ, ಇದೆಲ್ಲ ನಿಜವೆಂದು ಘೋಷಿಸುತ್ತದೆ. ಕಾಗದದ ಅರ್ಜಿ ಹೋಗಿ ಗಣಕಯಂತ್ರದ ಅರ್ಜಿ ಬಂದಿದ್ದರೂ ಘೋಷಣೆ ಘೋಷಣೆಯೇ. ಈ ಮೊದಲ ಮಾತೇ ಸುಳ್ಳಾದರೆ, ಆ ಸುಳ್ಳನ್ನು ಹೇಳಿಕೊಟ್ಟವರು ಹೆತ್ತವರೇ ಆದರೆ, ಅನಂತರ ದೊರೆಯುವ ವಿದ್ಯೆಗೆ ಯಾವ ಬೆಲೆ?

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಂತಹ ಊರುಗಳಲ್ಲಿ ಮಗು ಹತ್ತನೆಯ ತರಗತಿಗೆ ಬರುತ್ತಿದ್ದಂತೆ ಮನೆಯ ಮಾತು ಬದಲಾಗುತ್ತದೆ. ಮಗುವಿಗೆ ಯಾವ ವಿಷಯ ಪ್ರಿಯ, ಯಾವುದರಲ್ಲಿ ಅದರ ಬುದ್ಧಿ ಅರಳುತ್ತದೆ ಎಂಬ ವಿಚಾರಣೆ ಹಿಂದೆ ಸರಿದು, ಯಾವ ಕೋಟಾ, ಯಾವ ಪ್ರಮಾಣಪತ್ರ, ಯಾರ ಕೈ ಹಿಡಿದರೆ ಕೆಲಸವಾದೀತು ಎಂಬ ಲೆಕ್ಕ ಮುಂದಾಗುತ್ತದೆ. ಕಾಲೇಜನ್ನು ಆರಿಸುವುದೆಂದರೆ ಮಾರ್ಗವನ್ನು ಆರಿಸುವುದು ಎಂಬ ತಿಳಿವಳಿಕೆ ಅಳಿದು, ಹೇಗಾದರೂ ಸೀಟು ಹೊಡೆಯುವುದು ಎಂಬ ಭಾಷೆ ಸಭ್ಯರ ಮನೆಗಳಲ್ಲಿಯೂ ರೂಢಿಯಾಗಿದೆ. ಸೀಟನ್ನು ‘ಹೊಡೆಯುವುದು’ ಎಂಬ ಈ ಕ್ರಿಯಾಪದವೇ ಅದರ ಹಿಂದಿರುವ ಮನೋಧರ್ಮವನ್ನು ಬಯಲುಮಾಡುತ್ತದೆ.

ಪ್ರವೇಶದ ನಿಯಮಗಳು ಯಾರದೋ ಕಚೇರಿಯ ಚಪಲದಿಂದ ಹುಟ್ಟಿದವುಗಳಲ್ಲ. ಕ್ಯಾಪಿಟೇಶನ್ ಶುಲ್ಕದ ಹಾವಳಿ ಮಿತಿಮೀರಿದಾಗ ಕರ್ನಾಟಕವು 1984ರಲ್ಲಿ ಅದನ್ನು ನಿಷೇಧಿಸಿ ಕಾಯಿದೆ ಮಾಡಿತು. ಆದರೂ 1989ರ ಸರ್ಕಾರಿ ಅಧಿಸೂಚನೆಯೇ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಇತರ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000 ರೂಪಾಯಿ ಎಂದು ಗೊತ್ತುಪಡಿಸಿತು. ತುಮಕೂರಿನ ಕಾಲೇಜೊಂದರಲ್ಲಿ ಆ 60,000 ರೂಪಾಯಿಯನ್ನೂ ಉಳಿದ ವರ್ಷಗಳ ಶುಲ್ಕಕ್ಕೆ ಬ್ಯಾಂಕ್ ಖಾತರಿಯನ್ನೂ ಕೊಡಲಾರದೆ ಪ್ರವೇಶ ವಂಚಿತಳಾದ ಉತ್ತರ ಪ್ರದೇಶದ ವಿದ್ಯಾರ್ಥಿನಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕಳು. 1992ರ ಮೋಹಿನಿ ಜೈನ್ ತೀರ್ಪು ಕ್ಯಾಪಿಟೇಶನ್ ಶುಲ್ಕವನ್ನು ಖಂಡತುಂಡವಾಗಿ ತಿರಸ್ಕರಿಸಿತು. 1993ರ ಉನ್ನಿಕೃಷ್ಣನ್ ತೀರ್ಪು ವೃತ್ತಿಶಿಕ್ಷಣದ ಖಾಸಗಿ ಕಾಲೇಜುಗಳಲ್ಲಿ ಅರ್ಧದಷ್ಟು ಸೀಟುಗಳನ್ನು ಅರ್ಹತೆಯ ಆಧಾರದ ಮೇಲೆ ಕಡಮೆ ಶುಲ್ಕಕ್ಕೆ ಕೊಡಬೇಕೆಂಬ ಯೋಜನೆಯನ್ನು ತಂದಿತು. 1994ರಲ್ಲಿ ರಾಜ್ಯದ ಸಿಇಟಿ ಘಟಕ ಸ್ಥಾಪನೆಯಾಯಿತು. ಮುಂದೆ 2002ರ ಟಿ.ಎಂ.ಎ. ಪೈ ತೀರ್ಪು ಆ ಯೋಜನೆಯನ್ನು ಬದಿಗೆ ಸರಿಸಿದರೂ, ಅರ್ಹತೆಯ ಪಟ್ಟಿಯ ಪ್ರಕಾರ ಸೀಟು ಹಂಚುವ ಪದ್ಧತಿ ಉಳಿಯಿತು. ಹಣವಿಲ್ಲದವನಿಗೂ ಬಾಗಿಲು ತೆರೆದಿರಲಿ ಎಂಬುದೇ ಇಷ್ಟು ಹೋರಾಟದ ಸಾರ.

ಈ ಪದ್ಧತಿಯೊಳಗೆ ಎರಡು ಸಣ್ಣ ಏರ್ಪಾಡುಗಳಿವೆ. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮಾಂತರ ಪ್ರದೇಶದ ಶಾಲೆಯಲ್ಲಿ ಓದಿದವರಿಗೆ ಶೇಕಡ 15. ಅಷ್ಟೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡ 5. ಜೊತೆಗೆ ಎಂಜಿನಿಯರಿಂಗ್ ವ್ಯಾಸಂಗದಲ್ಲಿ, ವಾರ್ಷಿಕ ವರಮಾನ 8 ಲಕ್ಷ ರೂಪಾಯಿ ಮೀರದ ಕುಟುಂಬಗಳಿಗೆಂದು ಬೋಧನಾ ಶುಲ್ಕ ವಿನಾಯಿತಿಯ ಸೀಟುಗಳೂ ಉಂಟು. ಧರ್ಮಪುರ ಹೋಬಳಿಯ ಹಳ್ಳಿಯಿಂದ ಪ್ರೌಢಶಾಲೆಗೆ ನಡೆದು ಬರುವ ಹುಡುಗಿ, ತುರುವನೂರಿನ ಕಡೆಯ ಶೇಂಗಾ ಹೊಲದಲ್ಲಿ ರಜೆಯ ದಿನಗಳನ್ನು ಕಳೆಯುವ ಹುಡುಗ, ವಿಜ್ಞಾನದ ಶಿಕ್ಷಕರೇ ಇಲ್ಲದೆ ಅರ್ಧವರ್ಷ ಕಳೆದ ರಾಮಗಿರಿ ಸೀಮೆಯ ಮಗು: ಇಂಥವರನ್ನು ಕಣ್ಣಮುಂದೆ ಇರಿಸಿಕೊಂಡು ಮಾಡಿದ ಏರ್ಪಾಡು ಇದು. ನಗರಸಭೆ, ಪುರಸಭೆಗಳ ಎಲ್ಲೆಯೊಳಗೆ ಓದಿದ ಮಕ್ಕಳಿಗೆ ಗ್ರಾಮಾಂತರದ ಪಾಲು ಸಲ್ಲುವುದಿಲ್ಲ.

ಆದರೆ ಆಗುತ್ತಿರುವುದೇನು? ಮಗು ಪೇಟೆಯ ಶಾಲೆಯಲ್ಲಿ ಓದುತ್ತದೆ. ಅದರ ಹೆಸರು ಮಾತ್ರ ಹಳ್ಳಿಯ ಶಾಲೆಯ ಹಾಜರಿ ಪುಸ್ತಕದಲ್ಲಿ ಓದುತ್ತಿರುತ್ತದೆ. ಮಳಿಗೆಯಲ್ಲಿ ಲಕ್ಷಗಳ ವಹಿವಾಟು ನಡೆಸುವವನ ವರಮಾನ, ಪ್ರಮಾಣಪತ್ರದಲ್ಲಿ ಜವಾನನ ಸಂಬಳಕ್ಕಿಂತಲೂ ಕೆಳಗಿಳಿಯುತ್ತದೆ. ಪದವಿಪೂರ್ವ ತರಗತಿಗೆ ಬಂದರೆ ಇನ್ನೊಂದು ವೇಷ: ವಿದ್ಯಾರ್ಥಿಯ ಹೆಸರು ಊರಿನ ಕಾಲೇಜಿನಲ್ಲಿ, ದೇಹ ದೂರದ ನಗರದ ತರಬೇತಿ ಕೇಂದ್ರದಲ್ಲಿ, ಶೇಕಡ 75ರಷ್ಟು ಹಾಜರಿ ಬೇಕೆಂಬ ನಿಯಮವನ್ನು ಲೇಖನಿಯೇ ಪೂರೈಸುತ್ತದೆ. ಆದಾಯ ಪ್ರಮಾಣಪತ್ರದ ಆರ್.ಡಿ. ಸಂಖ್ಯೆಯನ್ನು ಇಂದು ಗಣಕಯಂತ್ರ ಪರಿಶೀಲಿಸುತ್ತದೆ, ನಿಜ. ಆದರೆ ಆ ಪತ್ರವನ್ನು ಕಚೇರಿ ಕೊಟ್ಟಿದೆಯೇ ಎಂಬುದನ್ನಷ್ಟೇ ಅದು ಬಲ್ಲದು. ಪತ್ರ ಪಡೆಯುವಾಗ ತಂದೆ ನಿಜ ಹೇಳಿದನೇ ಎಂಬುದನ್ನು ಅದು ಅರಿಯದು. ಅದನ್ನು ಬಲ್ಲವರು ಇಬ್ಬರೇ: ಹೇಳಿದ ತಂದೆ, ಪಕ್ಕದಲ್ಲಿ ನಿಂತು ಕೇಳಿಸಿಕೊಂಡ ಮಗು.

ಇದಕ್ಕಿಂತಲೂ ಘೋರವಾದುದು ಸೀಟು ತಡೆಹಿಡಿಯುವ ದಂಧೆ. ಉತ್ತಮ ರ‍್ಯಾಂಕ್ ಪಡೆದು, ಬೇರೆಡೆ ಪ್ರವೇಶ ಪಡೆಯಲಿರುವ ವಿದ್ಯಾರ್ಥಿಯ ಹೆಸರಿನಲ್ಲಿ ಬೇಡಿಕೆಯ ಕಾಲೇಜೊಂದನ್ನು ನಮೂದಿಸುವುದು. ಕೊನೆಯ ಸುತ್ತಿನಲ್ಲಿ ಸೀಟು ಅವನಿಗೆ ಹಂಚಿಕೆಯಾದ ಮೇಲೆ ಅವನು ಸೇರದೆ ಉಳಿಯುವುದು. ಹಾಗೆ ಬರಿದಾದ ಸರ್ಕಾರಿ ಸೀಟು ಆಡಳಿತ ಮಂಡಳಿಯ ಕೈಸೇರಿ ಹೆಚ್ಚಿನ ಹಣಕ್ಕೆ ಮಾರಾಟವಾಗುವುದು. 2024ರ ನವೆಂಬರಿನಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರವೇ ಇದರ ಬಗ್ಗೆ ಪೊಲೀಸರಿಗೆ ದೂರು ಕೊಟ್ಟಿತು. ಮುಂದೆ ಹಲವರ ಬಂಧನವೂ ಆಯಿತು. ಇಂತಹ ದಂಧೆಗೆ ಬೇಕಾದುದು ಯಾರದೋ ಮಗುವಿನ ರ‍್ಯಾಂಕ್ ಮತ್ತು ಪಾಸ್‌ವರ್ಡ್. ಬೇಡದ ಸೀಟು ತಾನೇ, ಹೋದರೇನು ಎಂದು ಅದನ್ನು ಮಧ್ಯವರ್ತಿಗೆ ಒಪ್ಪಿಸುವ ಮನೆಯೂ ಈ ಪಾಪದ ಪಾಲುದಾರನೇ.

ಇಲ್ಲಿ ನಷ್ಟ ಯಾರಿಗೆ ಎಂಬ ಪ್ರಶ್ನೆಯನ್ನು ಜಾಣರು ಕೇಳುವುದುಂಟು. ಕಳುವಾದ ಮನೆಯಿಲ್ಲ, ಅಳುವ ಮುಖವಿಲ್ಲ. ಹಿರಿಯೂರಿನ ರೈತನಿಗೆ ಈ ಪ್ರಶ್ನೆಯ ಉತ್ತರ ತಿಳಿದಿದೆ. ವಾಣಿವಿಲಾಸ ಸಾಗರದ ಅಚ್ಚುಕಟ್ಟಿನಲ್ಲಿ ಮೇಲಿನವನು ತನ್ನ ಸರದಿಯಲ್ಲದ ರಾತ್ರಿ ತೂಬು ಎತ್ತಿದರೆ ಒಣಗುವುದು ಕಾಲುವೆಯ ತುದಿಯ ಹೊಲ. ಮೇಲಿನವನು ಆ ಹೊಲವನ್ನು ಕಂಡಿರಲಾರ, ಅದರ ಒಡೆಯನ ಹೆಸರನ್ನೂ ಕೇಳಿರಲಾರ. ಆದರೂ ಅಲ್ಲಿ ಬೆಳೆ ಸತ್ತದ್ದು ಅವನಿಂದಲೇ. ಸೀಟುಗಳೂ ಎಣಿಕೆಯ ನೀರು. ಒಬ್ಬನು ಸುಳ್ಳು ಪತ್ರದಿಂದ ಒಂದು ಸೀಟು ಪಡೆದರೆ, ಪಟ್ಟಿಯಲ್ಲಿ ಅವನ ಕೆಳಗಿದ್ದ, ಹೆಸರೂ ಸಂಖ್ಯೆಯೂ ಉಳ್ಳ ಒಂದು ನಿರ್ದಿಷ್ಟ ಮಗು ಅದನ್ನು ಕಳೆದುಕೊಂಡಿರುತ್ತದೆ. ತಾನು ಕಳೆದುಕೊಂಡೆನೆಂದು ಅದಕ್ಕೆ ತಿಳಿಯುವುದೂ ಇಲ್ಲ. ತನ್ನ ಬುದ್ಧಿಯೇ ಕಡಮೆಯಾಯಿತೆಂದು ನಂಬಿ ಅದು ತಲೆ ತಗ್ಗಿಸಿ ಹಿಂದಿರುಗುತ್ತದೆ. ಸಾಮಾನ್ಯ ಕಳ್ಳನು ಒಡವೆಯನ್ನು ಒಯ್ಯುತ್ತಾನೆ. ಈ ಕಳ್ಳತನ ಒಡವೆಯೊಡನೆ ಆತ್ಮವಿಶ್ವಾಸವನ್ನೂ ಒಯ್ಯುತ್ತದೆ.

ಗೃಹಸ್ಥನ ಅಚೌರ್ಯಾಣುವ್ರತಕ್ಕೆ ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಐದು ಅತಿಚಾರಗಳನ್ನು ಎಣಿಸಿದ್ದಾರೆ. ಕಳವಿಗೆ ಪ್ರೇರಣೆ ಕೊಡುವ ಸ್ತೇನಪ್ರಯೋಗ, ಕದ್ದುದನ್ನು ಕೊಳ್ಳುವ ತದಾಹೃತಾದಾನ, ರಾಜ್ಯದ ಕಟ್ಟಳೆಯನ್ನು ಮೀರುವ ವಿರುದ್ಧರಾಜ್ಯಾತಿಕ್ರಮ, ಅಳತೆ ತೂಕಗಳನ್ನು ಏರುಪೇರು ಮಾಡುವ ಹೀನಾಧಿಕಮಾನೋನ್ಮಾನ, ನಕಲಿಯನ್ನು ಅಸಲಿಯೆಂದು ನಡೆಸುವ ಪ್ರತಿರೂಪಕ ವ್ಯವಹಾರ. ಮಧ್ಯವರ್ತಿಗೆ ಹಣ ಕೊಡುವುದು ಮೊದಲನೆಯದು. ತಡೆಹಿಡಿದ ಸೀಟನ್ನು ಕೊಳ್ಳುವುದು ಎರಡನೆಯದು. ನಿಷಿದ್ಧ ಶುಲ್ಕ ತೆರುವುದು ಮೂರನೆಯದು. ವರಮಾನವನ್ನು ಇಳಿಸಿ ಹೇಳುವುದು ನಾಲ್ಕನೆಯದು. ಹುಸಿ ವ್ಯಾಸಂಗ ಪತ್ರ ಐದನೆಯದು. ನೀರನ್ನು ಸೋಸದೆ ಕುಡಿಯದ, ಸೂರ್ಯಾಸ್ತದ ಮೇಲೆ ಅನ್ನ ಮುಟ್ಟದ ಮನೆಯಲ್ಲಿ ಈ ಐದರಲ್ಲಿ ಒಂದಾದರೂ ನಡೆದಿದ್ದರೆ, ಅಲ್ಲಿ ಸೋಸಬೇಕಾದುದು ನೀರನ್ನಲ್ಲ.

ಎಲ್ಲರೂ ಮಾಡುತ್ತಾರೆ ಎಂಬುದು ಮೊದಲನೆಯ ಸಮಾಧಾನ. ಎಲ್ಲರೂ ಮಾಡುವುದಿಲ್ಲ ಎಂಬುದಕ್ಕೆ, ಪಟ್ಟಿಯಲ್ಲಿ ಹಿಂದೆ ಉಳಿದ ಸತ್ಯವಂತರೇ ಸಾಕ್ಷಿ. ಎಲ್ಲರೂ ಮಾಡಿದ್ದರೆ ಮೋಸದಿಂದ ಲಾಭವೇ ಇರುತ್ತಿರಲಿಲ್ಲ. ಮೋಸಗಾರನು ಬದುಕುವುದು ಪ್ರಾಮಾಣಿಕರ ಬೆನ್ನ ಮೇಲೆ.

ವ್ಯವಸ್ಥೆಯೇ ಸರಿಯಿಲ್ಲ ಎಂಬುದು ಎರಡನೆಯದು. ಇದರಲ್ಲಿ ಸತ್ಯಾಂಶವಿದೆ. 2024ರ ಸಿಇಟಿಯಲ್ಲಿ ಪಠ್ಯಕ್ರಮದ ಹೊರಗಿನ ಪ್ರಶ್ನೆಗಳನ್ನು ಕೇಳಿ, ಕೊನೆಗೆ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಬೇಕಾಯಿತು. ಮೀಸಲಾತಿಯ ನಿಯಮಗಳ ಬಗೆಗೂ ಭಿನ್ನಾಭಿಪ್ರಾಯಕ್ಕೆ ಅವಕಾಶವಿದೆ. ಆದರೆ ನಿಯಮ ತಪ್ಪೆಂದು ತೋರಿದವನು ಬೀದಿಗಿಳಿಯಬಹುದು, ನ್ಯಾಯಾಲಯಕ್ಕೆ ಹೋಗಬಹುದು. ಆ ದಾರಿಯಿಂದಲೇ ಕ್ಯಾಪಿಟೇಶನ್ ಶುಲ್ಕದ ವಿರುದ್ಧ ತೀರ್ಪು ದೊರೆತದ್ದು. ಸುಳ್ಳು ಪತ್ರ ಹಿಡಿದವನು ನಿಯಮವನ್ನು ಪ್ರತಿಭಟಿಸುತ್ತಿಲ್ಲ. ಬಡವನ ಹೆಸರಿನಲ್ಲಿ ಆ ನಿಯಮದ ಫಲವನ್ನೇ ಉಣ್ಣುತ್ತಿದ್ದಾನೆ.

ಮಗುವಿನ ಭವಿಷ್ಯಕ್ಕಾಗಿ ಎಂಬುದು ಮೂರನೆಯದು, ಎಲ್ಲಕ್ಕಿಂತ ಅಪಾಯದ ಮಾತು. ತಂದೆ ಸುಳ್ಳು ಹೇಳಿ ಕೊಡಿಸಿದ ಸೀಟಿನಿಂದ ಮಗು ಕಲಿಯುವ ಮೊದಲ ಪಾಠ, ನಿನ್ನ ಯೋಗ್ಯತೆಯ ಮೇಲೆ ನಮಗೆ ಭರವಸೆಯಿಲ್ಲ ಎಂಬುದು. ಎರಡನೆಯ ಪಾಠ, ಸಹಿ ಎಂಬುದಕ್ಕೆ ಅರ್ಥವಿಲ್ಲ ಎಂಬುದು. ನಾಳೆ ಅದೇ ಮಗು ವೈದ್ಯನಾಗಿ ರೋಗಿಯ ವರದಿಗೆ, ಎಂಜಿನಿಯರಾಗಿ ಸೇತುವೆಯ ಅಳತೆ ಪುಸ್ತಕಕ್ಕೆ ಸಹಿ ಹಾಕುವಾಗ ಈ ಪಾಠ ಮರೆತುಹೋಗುವುದೆಂದು ನಂಬುವವರು ಮನುಷ್ಯಸ್ವಭಾವವನ್ನು ಅರಿಯದವರು. ವೃದ್ಧಾಪ್ಯದಲ್ಲಿ ಹೆತ್ತವರ ಆಸ್ತಿಪತ್ರದ ಮೇಲೂ ಅದೇ ಕೈ ಸಹಿ ಹಾಕುತ್ತದೆ.

ಆಗಬೇಕಾದುದು ಕಷ್ಟಸಾಧ್ಯವೇನಲ್ಲ. ಅರ್ಜಿಯನ್ನು ಮಗುವೇ ತುಂಬಲಿ. ಪಾಸ್‌ವರ್ಡ್ ಮಗುವಿನ ಬಳಿಯೇ ಇರಲಿ. ಆದ್ಯತೆಯ ಪಟ್ಟಿಯಲ್ಲಿ ಯಾವ ಕಾಲೇಜು ಮೇಲೆ, ಯಾವುದು ಕೆಳಗೆ ಎಂಬುದನ್ನು ಮಗುವಿನ ಒಲವು, ಕಾಲೇಜಿನ ಬೋಧಕರು, ಮನೆಯ ಶಕ್ತಿ ಇವುಗಳನ್ನು ನೋಡಿ ನಿರ್ಧರಿಸಲಿ. ಹಂಚಿಕೆಯಾದ ಸೀಟು ಬೇಡವಾದರೆ ಅವಧಿಯೊಳಗೆ ಬಿಟ್ಟುಕೊಟ್ಟು ಮುಂದಿನವನಿಗೆ ದಾರಿಮಾಡಲಿ. ಬಯಸಿದ್ದು ದೊರೆಯದಿದ್ದರೆ ಪ್ರಪಂಚ ಮುಳುಗದು. 2023ರಲ್ಲಿ ಚಿತ್ರದುರ್ಗದಲ್ಲಿಯೇ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಗಿದೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಚಳ್ಳಕೆರೆಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯೇ ಬಂದು ನೆಲೆಸಿ ವಿಜ್ಞಾನ ಶಿಕ್ಷಕರಿಗೆ ತರಬೇತಿ ಕೊಡುತ್ತಿದೆ. ಊರಿನ ಕಾಲೇಜಿನಲ್ಲಿ ಬಿ.ಎಸ್ಸಿ. ಓದುವುದು ಸೋಲೆಂದು ಮಗುವಿಗೆ ಕಲಿಸಿದವರು ಹಿರಿಯರೇ. ಆ ಪಾಠವನ್ನು ಹಿಂತೆಗೆದುಕೊಳ್ಳಬೇಕಾದವರೂ ಅವರೇ.

ಸಮಾಜದ ಮುಖಂಡರ ಪಾಲೂ ಇದರಲ್ಲಿದೆ. ಪ್ರತಿವರ್ಷ ಪ್ರತಿಭಾ ಪುರಸ್ಕಾರದ ವೇದಿಕೆಯಲ್ಲಿ ಶಾಲು ಹೊದಿಸುವಾಗ ಅಂಕ ಎಷ್ಟು, ಸೀಟು ಎಲ್ಲಿ ಎಂದು ವಿಚಾರಿಸಲಾಗುತ್ತದೆ. ಹೇಗೆ ದೊರೆಯಿತು ಎಂದು ಯಾರೂ ವಿಚಾರಿಸುವುದಿಲ್ಲ. ಈ ಮೌನವೇ ಮಧ್ಯವರ್ತಿಯ ಬಂಡವಾಳ. ಸುಳ್ಳು ಪತ್ರಕ್ಕೆ ಒಲ್ಲೆನೆಂದು ಹೇಳಿ, ಅದರಿಂದಾಗಿಯೇ ದೊಡ್ಡ ಕಾಲೇಜನ್ನು ಕಳೆದುಕೊಂಡು, ಊರಿನ ಕಾಲೇಜಿಗೆ ಹೋಗುತ್ತಿರುವ ವಿದ್ಯಾರ್ಥಿಯೊಬ್ಬನನ್ನು ಒಂದು ವರ್ಷವಾದರೂ ಅದೇ ವೇದಿಕೆಗೆ ಕರೆದು ಕೂರಿಸಲಿ. ಅವನ ಶುಲ್ಕವನ್ನು ಸಮಾಜವೇ ಭರಿಸಲಿ. ಸಭೆಯಲ್ಲಿ ಕುಳಿತ ತಂದೆತಾಯಿಗಳು ಅಂದು ಕಲಿಯುವುದನ್ನು ಯಾವ ಉಪನ್ಯಾಸವೂ ಕಲಿಸಲಾರದು.