ಕೆಂಪು ಶಾಯಿ ಬೀಳಬೇಕಾದ ರೂಪ ಬೇರೆ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲನು 'ಮಾಲು ತೂಗಾಕತ್ತಾರ' ಎಂದೂ, ರಾಣೆಬೆನ್ನೂರಿನ ಬೀಜದಂಗಡಿಯ ಮುಂದೆ ನಿಂತ ರೈತನು 'ಬೀಜ ಒಯ್ಯಾಕ ಬಂದೀನಿ' ಎಂದೂ, ಹಾವೇರಿಯ ಓಣಿಯಲ್ಲಿ ತಾಯಿಯೊಬ್ಬಳು 'ಮಳಿ ಬರಾಕತ್ತೈತಿ, ಒಳಗ ಬಾ' ಎಂದೂ ನುಡಿಯುವಾಗ, ಆ ಮೂರು ಮಾತುಗಳ ಭಾರವನ್ನೂ ಹೊತ್ತು ನಿಂತಿರುವುದು ಒಂದೇ ವ್ಯಾಕರಣರೂಪ. ಅದೇ ರೂಪವನ್ನು ಬಾಲಕನು ತನ್ನ ಬರಹದಲ್ಲಿ 'ಜಾತ್ರಿ ನೋಡಾಕ ಹೋದೆ' ಎಂದು ಬಳಸಿದೊಡನೆ ಅದರ ಕೆಳಗೆ ಕೆಂಪು ಶಾಯಿಯ ಗೆರೆ ಬೀಳುತ್ತದೆ. ಅಶುದ್ಧವೆಂಬ ತೀರ್ಪು ಹೊರಡುತ್ತದೆ. ಈ ತೀರ್ಪು ಸಾಕಷ್ಟು ವಿಚಾರಣೆಯಿಲ್ಲದೆ ಹುಟ್ಟಿದುದೆಂಬುದೇ ನನ್ನ ಆಕ್ಷೇಪ.

ನಮ್ಮ ಶಾಲಾವ್ಯಾಕರಣಗಳು 'ಮಾಡಲು', 'ಮಾಡಲಿಕ್ಕೆ' ಎಂಬ ರೂಪಗಳನ್ನು ಕೃದಂತಾವ್ಯಯವೆಂದು ಕರೆದು, ಎರಡು ಉದಾಹರಣೆಗಳನ್ನು ಕೊಟ್ಟು ಮುಂದೆ ಸಾಗುತ್ತವೆ. 'ಮಾಡಿದೆನು', 'ಮಾಡಿದಳು' ಎಂಬಲ್ಲಿ ಕರ್ತೃವಿನ ಗುರುತು ಕ್ರಿಯಾಪದದ ತುದಿಯಲ್ಲಿಯೇ ಇರುವುದಷ್ಟೆ. 'ಮಾಡಲು' ಎಂಬುದಾದರೋ ಲಿಂಗವನ್ನಾಗಲಿ ವಚನವನ್ನಾಗಲಿ ಪುರುಷವನ್ನಾಗಲಿ ಅಂಟಿಸಿಕೊಳ್ಳದೆ, ಬರಿಯ ಕ್ರಿಯೆಯನ್ನೂ ಅದರ ಉದ್ದೇಶವನ್ನೂ ಸೂಚಿಸಿ ಸುಮ್ಮನಾಗುತ್ತದೆ. ಕರ್ತೃವಿನ ಗುರುತಿಲ್ಲದ ಇಂತಹ ರೂಪವನ್ನು ಇಲ್ಲಿ ಭಾವರೂಪವೆಂದು ಕರೆಯುತ್ತೇನೆ. ಸಂಸ್ಕೃತದ ತುಮುನ್ ಪ್ರತ್ಯಯವು 'ಕರ್ತುಂ', 'ಗಂತುಂ' ಎಂಬಲ್ಲಿ ಮಾಡುವ ಕಾರ್ಯವೂ ಇದೇ. ಹಳಗನ್ನಡದ 'ಮಾಡಲ್', 'ಮಾಡಲ್ಕೆ' ಎಂಬವು ಇಂದಿನ ರೂಪಗಳ ಹಿರಿಯರು. ಹಳಗನ್ನಡ, ನಡುಗನ್ನಡ, ಹೊಸಗನ್ನಡಗಳನ್ನು ಒಂದೇ ಗ್ರಂಥದಲ್ಲಿ ವಿವೇಚಿಸಿದ ಕಿಟ್ಟೆಲರ ವ್ಯಾಕರಣವು 1903ರಲ್ಲಿಯೇ ಪ್ರಕಟವಾಯಿತು. ಇಷ್ಟಲ್ಲದೆ, 'ಮಾಡಬೇಕು', 'ಮಾಡಬಾರದು', 'ಮಾಡಬೇಡ' ಎಂಬ ಪದಗಳನ್ನು ಬಿಡಿಸಿದರೆ ಒಳಗೆ 'ಮಾಡ' ಎಂಬ ಅಕಾರಾಂತ ಭಾವರೂಪವೂ, 'ಬರಲಿಲ್ಲ', 'ಬರಲಾರೆ' ಎಂಬವುಗಳಲ್ಲಿ 'ಬರಲ್' ಎಂಬುದೂ ಅಡಗಿ ಕುಳಿತಿರುವುದು ಕಾಣುತ್ತದೆ. ಈ ರೂಪದ ನೆರವಿಲ್ಲದೆ ಕನ್ನಡಿಗನು ಒಂದು ಕೆಲಸವನ್ನು ಒಲ್ಲೆನೆಂದು ನಿರಾಕರಿಸುವುದೂ ಕಷ್ಟವೇ!

ಹಾವೇರಿ ಸೀಮೆಯ 'ನೋಡಾಕ' ಎಂಬುದರ ಕೊನೆಯಲ್ಲಿರುವ ಕಕಾರವು 'ಅದಕ', 'ಯಾಕ' ಎಂಬಲ್ಲಿ ನಾವು ದಿನವೂ ಕೇಳುವ ಚತುರ್ಥೀ ವಿಭಕ್ತಿಯ ಕಕಾರವೇ ಆಗಿದೆ. ಉದ್ದೇಶವನ್ನು ಹೇಳಬೇಕಾದಾಗ ಕ್ರಿಯೆಗೆ ಚತುರ್ಥಿಯನ್ನು ಹಚ್ಚುವ ಈ ಯುಕ್ತಿಯು ಹಳ್ಳಿಯವರ ನಾಲಗೆಯ ಸೋಮಾರಿತನವೆಂದು ತಿಳಿಯುವವರು ದೂರದ ಅರಾಮಿಕ್ ಭಾಷೆಯತ್ತ ಒಮ್ಮೆ ಕಣ್ಣು ಹಾಯಿಸಬಹುದು. ಬೈಬಲಿನ ದಾನಿಯೇಲ, ಎಜ್ರ ಗ್ರಂಥಗಳ ಕೆಲವು ಭಾಗಗಳು ರಚಿತವಾದ, ಮತ್ತು ತನ್ನ ಸಿರಿಯಾಕ್ ರೂಪದಲ್ಲಿ ನೆರೆಯ ಕೇರಳದ ಸಿರಿಯನ್ ಕ್ರೈಸ್ತರಿಗೆ ಪೂಜಾಭಾಷೆಯಾಗಿ ಬಂದ ಆ ನುಡಿಯಲ್ಲಿ, ಬರೆಯುವಿಕೆಯನ್ನು ಸೂಚಿಸುವ ಕ-ತ-ಬ ಎಂಬ ಧಾತುವ್ಯಂಜನಗಳ ಮುಂದೆ ಮಕಾರವನ್ನು ಸೇರಿಸಿ, ಅದರ ಮುಂದೆ ನಮ್ಮ 'ಗೆ', 'ಕೆ'ಗಳಿಗೆ ಸಮಾನವಾದ ಲಕಾರವನ್ನಿಟ್ಟು 'ಲ್‌ಮೆಕ್ತಬ್', ಎಂದರೆ 'ಬರೆಯಲಿಕ್ಕೆ', ಎನ್ನುತ್ತಾರೆ. ಅವರ ವಿಭಕ್ತಿ ಮುಂದೆ, ನಮ್ಮದು ಹಿಂದೆ. ನಡೆದ ಹಾದಿ ಒಂದೇ.

ನಮ್ಮ ಸೀಮೆಯ ನುಡಿಯು ಇಲ್ಲಿಗೂ ನಿಲ್ಲಲಿಲ್ಲ. ಭಾವರೂಪಕ್ಕೆ 'ಹತ್ತು' ಎಂಬ ಧಾತುವನ್ನು ಕೂಡಿಸಿ, ನಡೆಯುತ್ತಿರುವ ಕಾಲಕ್ಕೊಂದು ಸ್ವತಂತ್ರ ಕ್ರಿಯಾಪದವನ್ನೇ ನಿರ್ಮಿಸಿಕೊಂಡಿತು. ಮೈಸೂರಿನ ಕಡೆಯವರು 'ಮಾಡ್ತಾ ಇದ್ದಾನೆ' ಎನ್ನುವಲ್ಲಿ ಧಾರವಾಡದ ಕೆಲವು ಮನೆಗಳಲ್ಲಿ 'ಮಾಡ್ಲಿಕ್ಕತ್ತಾನ' ಎಂದೂ, ಹಾವೇರಿಯಲ್ಲಿ 'ಮಾಡಾಕತ್ತಾನ' ಎಂದೂ ಹೇಳುವುದುಂಟು. ಮೊದಲನೆಯದು 'ಮಾಡುತ್ತ' ಎಂಬ ಕೃದಂತವನ್ನು ಆಶ್ರಯಿಸಿದೆ, ಉಳಿದೆರಡು ಭಾವರೂಪವನ್ನು. ನಿಯಮವು ಎರಡು ಕಡೆಯಲ್ಲಿಯೂ ಅಷ್ಟೇ ಬಿಗಿ. ಒಂದನ್ನು ವ್ಯಾಕರಣವೆಂದೂ ಇನ್ನೊಂದನ್ನು ಅಪಭ್ರಂಶವೆಂದೂ ವಿಂಗಡಿಸಲು ಶಾಸ್ತ್ರದ ಆಧಾರವಿಲ್ಲ. ಶಿಗ್ಗಾವಿ ತಾಲೂಕಿನ ಶಿಶುನಾಳದ ಷರೀಫರು ಆಡುಮಾತಿನಲ್ಲಿ ಕಟ್ಟಿದ ತತ್ತ್ವಪದಗಳನ್ನು ಹುಡುಗರಿಂದ ಕಂಠಪಾಠ ಮಾಡಿಸಿ, ಅದೇ ನುಡಿ ಅದೇ ಹುಡುಗರ ಬರಹದಲ್ಲಿ ಕಂಡಾಗ ಮೋರೆ ಸಿಂಡರಿಸುವುದು ವಿಚಿತ್ರವಾದ ಗೌರವ.

ನಾಡಿಗೆಲ್ಲ ಸಮಾನವಾದ ಬರಹದ ಭಾಷೆಯೊಂದು ಬೇಕೆಂಬುದನ್ನು ನಾನು ಅಲ್ಲಗಳೆಯೆನು. ಪರೀಕ್ಷೆಯ ಉತ್ತರವನ್ನು ಬೀದರದವನೂ ಚಾಮರಾಜನಗರದವನೂ ಓದಬೇಕಾಗಿದೆ. ಆದರೆ 'ನೋಡಲು' ಎಂಬುದನ್ನು ಕಲಿಸುವುದಕ್ಕೆ 'ನೋಡಾಕ' ಎಂಬುದನ್ನು ಅವಮಾನಿಸಬೇಕಾದ ಅಗತ್ಯವಿಲ್ಲ.

ನಿಜವಾಗಿ ಕೆಂಪು ಶಾಯಿ ಬೀಳಬೇಕಾದ ಭಾವರೂಪ ಬೇರೊಂದಿದೆ, ಅದು ಸರಕಾರಿ ಕಾಗದಗಳಲ್ಲಿ ವಾಸಿಸುತ್ತದೆ. 'ಕ್ರಮ ಕೈಗೊಳ್ಳಲಾಗುವುದು', 'ಅರ್ಜಿಯನ್ನು ಪರಿಶೀಲಿಸಲಾಗುತ್ತಿದೆ', 'ರಸ್ತೆಯನ್ನು ದುರಸ್ತಿ ಮಾಡಲಾಗಿದೆ'. ಭಾವರೂಪಕ್ಕೆ ಕರ್ತೃವಿನ ಗುರುತಿಲ್ಲವೆಂಬ ಗುಣವನ್ನೇ ಆಶ್ರಯವಾಗಿಸಿಕೊಂಡು, ಅದಕ್ಕೆ 'ಆಗು' ಧಾತುವನ್ನು ಜೋಡಿಸಿ, ಕೈಗೊಳ್ಳುವವನಾರು, ಪರಿಶೀಲಿಸುವವನಾರು ಎಂಬುದನ್ನು ಓದುಗನ ಊಹೆಗೆ ಬಿಟ್ಟು ಈ ವಾಕ್ಯಗಳು ಗಂಭೀರವಾಗಿ ಮುಗಿಯುತ್ತವೆ. ಇವು ವ್ಯಾಕರಣದ ದೃಷ್ಟಿಯಿಂದ ನಿರ್ದುಷ್ಟವಾಗಿವೆ. ದೋಷವಿರುವುದು ಬಳಸುವವರ ಉದ್ದೇಶದಲ್ಲಿ. ಪತ್ರಿಕೆಗಳೂ ಈ ರೂಢಿಯನ್ನು ಪ್ರಶ್ನಿಸದೆ ಅಚ್ಚು ಹಾಕುತ್ತಿವೆಯೆಂಬುದನ್ನು ಪತ್ರಿಕೆಯಲ್ಲಿಯೇ ಹೇಳುವುದು ಉಚಿತ.

ಆದುದರಿಂದ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಕನ್ನಡ ಗುರುಗಳಲ್ಲಿ ಒಂದು ವಿಜ್ಞಾಪನೆ: ಕೃದಂತಾವ್ಯಯದ ಪಾಠವನ್ನು 'ತೂಗಾಕ', 'ಒಯ್ಯಾಕ', 'ಬರಾಕ' ಎಂಬ ಮಕ್ಕಳ ಮಾತಿನಿಂದಲೇ ಆರಂಭಿಸಿ, ಅಲ್ಲಿಂದ 'ತೂಗಲು', 'ಒಯ್ಯಲು', 'ಬರಲು' ಎಂಬಲ್ಲಿಗೆ ಅವರನ್ನು ಕರೆದೊಯ್ಯಿರಿ, ಬಳಿಕ ಗ್ರಾಮ ಪಂಚಾಯತಿಯ ಒಂದು ಪ್ರಕಟಣೆಯನ್ನು ಅವರ ಕೈಗೆ ಕೊಟ್ಟು, ಅದರ ಪ್ರತಿಯೊಂದು 'ಲಾಗುವುದು' ಎಂಬುದಕ್ಕೂ ಕರ್ತೃವನ್ನು ಹುಡುಕಿ ಬರೆಯಹೇಳಿರಿ.