ಎಮ್ಮೆಗೆ ಬರೆ

ಕುಡಿತ ಬಿಡಿಸುವ ವಾರ್ಡಿನಲ್ಲಿ ಗಂಡಸರ ಕಡೆ ಹೋಗಿ ನೋಡಿ. ಒಂದೊಂದು ಮಂಚದ ಪಕ್ಕಕ್ಕೂ ಒಂದು ಚಾಪೆ, ಚಾಪೆ ಮೇಲೊಬ್ಬ ಹೆಂಡತಿ, ಗಂಜಿಯ ಫ್ಲಾಸ್ಕು. ಮೊನ್ನೆ ಅವನಿಂದ ಒದೆ ತಿಂದವಳೇ ಇವತ್ತು ಅವನ ಬೆವರು ಒರೆಸುತ್ತಿರುತ್ತಾಳೆ. ಈಗ ಹೆಂಗಸರ ಕಡೆ ಬನ್ನಿ. ಸ್ಟೂಲು ಖಾಲಿ. ಗಂಡ ಬರುವುದಿಲ್ಲ, ಬಂದರೆ ಇನ್ನೂ ಭಯ.

ಅಂಥದೊಂದು ಸ್ಟೂಲಿನ ಮೇಲೆ ಕೂತು ಒಬ್ಬಾಕೆಯ ಮಾತು ಕೇಳಿದೆ. ಮುಂಗೈ ಮೇಲೆ ಸೌಟಿನ ಹಿಡಿಯಗಲದ ಹಳೇ ಬರೆ. ಅದರ ಮೇಲೇ ಒಡೆದ ಬಳೆ ಕೊರೆದ ಹಸಿ ಗಾಯ. ಬರೆ ಎಳೆದವಳು ಅವ್ವ, ‘ಮಾವ ಮೈಮುಟ್ತಾನ’ ಅಂದಿದ್ದಕ್ಕೆ. ಬಳೆ ಒಡೆದವನು ಅದೇ ಮಾವ, ಈಗ ಗಂಡ.

“ಅವ್ವನ ಖಾಸ ತಮ್ಮ ನೋಡ್ರಿ. ಮನಿ ಮಾತು ಮನ್ಯಾಗ ಇರ್ಲಿ ಅಂತ ಅವಂಗ ಕೊಟ್ರು. ಮೊದ್ಲು ಕುಡ್ಸಿದಾವನೂ ಅವನ. ಆಮ್ಯಾಲ ನಾನ ಕುಡೀತಿದ್ದೆ. ಕುಡುದ್ರ ಅವ ಮುಟ್ಟಿದ್ದು ಗೊತ್ತಾಗಂಗಿಲ್ಲ.”

ಕೇಸ್‌ಶೀಟಿನಲ್ಲಿ ಇದರ ಸುಳಿವೇ ಇಲ್ಲ. ಇದ್ದದ್ದು ಹತ್ತು ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆಯ ‘ಆಡಿಟ್’ ಪಟ್ಟಿ ಅದು. ಕುಡಿತ ಎಷ್ಟಿದೆ ಎಂದು ಅಳೆಯಲು ಒಳ್ಳೆಯ ಪಟ್ಟಿಯೇ, ಇಲ್ಲವೆನ್ನುವುದಿಲ್ಲ. ನಿನ್ನ ಕುಡಿತದಿಂದ ಯಾರಿಗಾದರೂ ಪೆಟ್ಟಾಗಿದೆಯೇ ಎಂದು ಅದು ಕೇಳುತ್ತದೆ. ಯಾರ ಪೆಟ್ಟಿಗೆ ನೀನು ಕುಡಿದೆ ಎಂದು ಹತ್ತರಲ್ಲಿ ಒಂದೂ ಕೇಳುವುದಿಲ್ಲ. ಕುಡಿದು ಮಾಡಬೇಕಾದ ಕೆಲಸ ತಪ್ಪಿಸಿದ್ದೀಯಾ ಎನ್ನುವುದು ಇನ್ನೊಂದು. ಹೆಣ್ಣು ಮಾಡಬೇಕಾದ ಕೆಲಸ ಯಾವುದು ಸ್ವಾಮಿ? ರೊಟ್ಟಿ ಬಡಿಯುವುದೋ, ತಾನೇ ಬಡಿಸಿಕೊಳ್ಳುವುದೋ?

ಗೊತ್ತಿರಲಿಲ್ಲ ಎಂಬ ನೆಪ ಬೇಡ. ಬಾಲ್ಯದಲ್ಲಿ ನಾಲ್ಕು ಬಗೆಯ ಅಥವಾ ಅದಕ್ಕೂ ಹೆಚ್ಚಿನ ಸಂಕಟ ಉಂಡವರಿಗೆ ಕುಡಿತ, ಮಾದಕವಸ್ತು, ಖಿನ್ನತೆ, ಆತ್ಮಹತ್ಯೆಯ ಯತ್ನ, ಇವುಗಳ ಅಪಾಯ 4ರಿಂದ 12 ಪಟ್ಟು ಎಂದು ಅಮೆರಿಕದ ಫೆಲಿಟ್ಟಿ, ಆಂಡಾ ಮತ್ತವರ ಸಂಗಡಿಗರು 1998ರಲ್ಲೇ ಬರೆದರು. 2007ರಲ್ಲಿ ನಮ್ಮದೇ ಕೇಂದ್ರ ಸರ್ಕಾರ 13 ರಾಜ್ಯಗಳ ಮಕ್ಕಳನ್ನು ಕೇಳಿದಾಗ ಶೇ 53 ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡನಿಂದ ಹಿಂಸೆ ಕಂಡ ಕರ್ನಾಟಕದ ಹೆಂಗಸರು ಶೇ 44. ಲೆಕ್ಕವೆಲ್ಲ ಕಪಾಟಿನಲ್ಲಿ ಭದ್ರವಾಗಿದೆ. ಕಪಾಟಿನಿಂದ ವಾರ್ಡಿಗೆ ಬರುವ ದಾರಿ ಮಾತ್ರ ಯಾರಿಗೂ ಸಿಕ್ಕಿಲ್ಲ.

ಗಂಡು ಕುಡಿದರೆ ‘ಪಾಪ, ಏನು ಕಷ್ಟವೋ’. ಹೆಣ್ಣು ಕುಡಿದರೆ ಕುಡುಕಿ, ಗತಿಗೆಟ್ಟವಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಗಾದೆಯನ್ನು ನಾವು ನಗಲಿಕ್ಕೆ ಕಟ್ಟಿಕೊಂಡಿದ್ದೇವೆ ಅಂದುಕೊಂಡಿದ್ದೆ. ಅಲ್ಲ, ಅದು ನಮ್ಮ ಚಿಕಿತ್ಸಾ ಪದ್ಧತಿ.

ಕೌಟುಂಬಿಕ ಹಿಂಸೆಯ ಕಾಯ್ದೆ 2005ರದು. ಅದರಡಿ ಸಂರಕ್ಷಣಾಧಿಕಾರಿ ಎಂಬವರೊಬ್ಬರು ಇದ್ದಾರೆಂದು ವಾರ್ಡಿನ ಆ ಹೆಂಗಸಿಗೆ ಯಾರೂ ಹೇಳಿರಲಿಲ್ಲ. ಬಿಡುಗಡೆಯ ದಿನ ಮನೆಯವರು ಬಂದು ಸಹಿ ಹಾಕಬೇಕೆಂದರು. ಬಂದವನು ಅವನೇ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ. “ಇನ್ನು ಕುಡೀದ ಹಾಗೆ ನೀವೇ ನೋಡ್ಕೋಬೇಕು” ಎಂದು ನರ್ಸಮ್ಮ ಗುಳಿಗೆಯ ಪೊಟ್ಟಣವನ್ನು ಅವನ ಕೈಗೇ ಕೊಟ್ಟರು.